ಪರೀಕ್ಷೆ-3ಕ್ಕೆ ನೇರ ದಾರಿ

625ಕ್ಕೆ 625 ತೆಗೆಯುವುದು ಹೇಗೆಂದು ಹೇಳಿಕೊಡುವವರು ಊರ ತುಂಬ ಇದ್ದಾರೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಅಷ್ಟು ತೆಗೆದವರು ರಾಜ್ಯಕ್ಕೆಲ್ಲ 22 ಜನ. ಅವರಿಗೆ ಫ್ಲೆಕ್ಸ್ ಇದೆ, ಶಾಲು-ಹಾರ ಇದೆ, ಅಪ್ಪ-ಅಮ್ಮ ಎರಡೂ ಕಡೆಯಿಂದ ಬಾಯಿಗೆ ಪೇಡ ಇಡುವ ಫೋಟೊ ಇದೆ. ಅದೇ ಪರೀಕ್ಷೆಯಲ್ಲಿ ಪಾಸಾದವರು ಶೇ 62.34. ಉಳಿದವರೆಲ್ಲ ನಮ್ಮ ಕಡೆ. ಇಷ್ಟು ದೊಡ್ಡ ಬಳಗಕ್ಕೆ ಒಂದು ಗೈಡ್ ಇಲ್ಲ, ಒಂದು ಪ್ರಶ್ನಕೋಠಿ ಇಲ್ಲ. ಆ ಕೊರತೆ ನೀಗಿಸಲು ಇದನ್ನು ಬರೆಯುತ್ತಿದ್ದೇನೆ.

ತಮ್ಮಾ, ನೀನು ಈಗಷ್ಟೇ ಹತ್ತನೇ ಕ್ಲಾಸಿಗೆ ಕಾಲಿಟ್ಟವನು. ನಾನು ಗಣಿತವನ್ನು ಪರೀಕ್ಷೆ-1ರಲ್ಲೊಮ್ಮೆ, ಪರೀಕ್ಷೆ-2ರಲ್ಲೊಮ್ಮೆ ಬರೆದು ಬಂದವನು, ಈಗ 2025ರ ಪರೀಕ್ಷೆ-3ಕ್ಕೆ ಕಾದಿರುವವನು. ಅನುಭವ ಯಾರದು ದೊಡ್ಡದು ನೀನೇ ನೋಡು. ಪೆನ್ನು ತೆಗೆದುಕೊ. ಬೇಡ, ಇಡು. 'ನೆನಪಿರುತ್ತೆ' ಅಂದುಕೊ. ಮೊದಲ ಪಾಠ ಅದೇ.

ಜೂನ್ ತಿಂಗಳಲ್ಲಿ ಓದಲು ಕೂರಬೇಡ, ಟೈಮ್‌ಟೇಬಲ್ ಬರೆಯಲು ಕೂರು. ಡ್ರಾಯಿಂಗ್ ಶೀಟ್ ತಾ. ಹನ್ನೆರಡು ಬಣ್ಣದ ಸ್ಕೆಚ್ ಪೆನ್ ತಾ. ಸ್ಕೇಲಿಟ್ಟು ಗೆರೆ ಎಳೆ. ಗೆರೆ ಸೊಟ್ಟಗಾದರೆ ಹೊಸ ಶೀಟ್ ತಾ. ಗಣಿತಕ್ಕೆ ಕೆಂಪು, ವಿಜ್ಞಾನಕ್ಕೆ ಹಸಿರು, ಹಿಂದಿಗೆ ಯಾವ ಬಣ್ಣ ಉಳಿದಿದೆಯೋ ಅದು. 'ಬೆಳಗ್ಗೆ 4.30 – ಏಳುವುದು' ಅನ್ನುವುದನ್ನು ದಪ್ಪಕ್ಷರದಲ್ಲಿ ಬರೆ. ಈ ಕೆಲಸಕ್ಕೆ ಎರಡು ದಿನ ಹಿಡಿಯಬೇಕು, ಅದಕ್ಕಿಂತ ಬೇಗ ಮುಗಿದರೆ ನಿನ್ನಲ್ಲಿ ಶ್ರದ್ಧೆ ಕಡಿಮೆ. ಸ್ವಿಚ್ ಬೋರ್ಡಿನ ಪಕ್ಕ ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡು. ಆಗ ವರ್ಷದ ಓದೆಲ್ಲ ಮುಗಿದಂಥ ಒಂದು ತೃಪ್ತಿ ಬರುತ್ತದೆ. ಅದು ಬಂದ ಮೇಲೆ ಮಲಗು. ದಸರಾ ರಜೆಯಲ್ಲಿ ಹಳೆಯದನ್ನು ಕಿತ್ತು ಹೊಸದು ಬರೆ. ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು. ನಮ್ಮ ಮನೆ ಗೋಡೆಯಲ್ಲಿ ಮೂರೂ ಒಂದರ ಮೇಲೊಂದು ಇವೆ, ಕಿತ್ತರೆ ಸುಣ್ಣ ಬರುತ್ತದೆಂದು ಅಮ್ಮ ಬಿಟ್ಟಿದ್ದಾಳೆ.

ಕ್ಲಾಸಿನಲ್ಲಿ ಹೇಗಿರಬೇಕು ಅನ್ನುವುದು ಸುಲಭ. ಸಾರ್ ಬೋರ್ಡಿನ ಕಡೆಯಿಂದ ತಿರುಗಿ 'ಅರ್ಥ ಆಯ್ತಾ?' ಅಂದಾಗ ಎಲ್ಲರ ಜೊತೆ 'ಆಯ್ತು ಸಾರ್' ಅನ್ನು. 'ಯ್ತು'ವನ್ನು ಸ್ವಲ್ಪ ಎಳೆ. ಅರ್ಥವಾಗದೆ ಇದ್ದರೆ ಇನ್ನೂ ಗಟ್ಟಿಯಾಗಿ ಅನ್ನು, ಇಲ್ಲದಿದ್ದರೆ ನಿನ್ನನ್ನೇ ಎಬ್ಬಿಸುತ್ತಾರೆ. ಅಪ್ಪಿತಪ್ಪಿ ಕೈ ಎತ್ತಬೇಡ. ಕೈ ಎತ್ತಿದರೆ ಸಾರ್ ಬೈಯುವುದಿಲ್ಲ, ಇನ್ನೊಂದು ಸಲ ಹೇಳುತ್ತಾರೆ, ಅಪಾಯ ಇರುವುದೇ ಅಲ್ಲಿ. ಇನ್ನೊಂದು ಸಲ ಹೇಳಿದಾಗ ಕೆಲವು ಸಲ ಅರ್ಥವಾಗಿಬಿಡುತ್ತದೆ.

625ರಲ್ಲಿ 125 ಆಂತರಿಕ ಅಂಕ; ಕನ್ನಡಕ್ಕೆ 25, ಉಳಿದ ಐದಕ್ಕೆ ಇಪ್ಪತ್ತಿಪ್ಪತ್ತು. ಇದಕ್ಕೆ ಎಫ್‌ಎ ಪ್ರಾಜೆಕ್ಟ್ ಮಾಡಬೇಕು. ಮಾಡಬೇಡ, ಹುಡುಕು. ಹಿಂದಿನ ವರ್ಷದವರ ಫೈಲ್ ಯಾರ ಅಟ್ಟದ ಮೇಲಾದರೂ ಇರುತ್ತದೆ. ರಟ್ಟು ಬದಲಿಸು, ಒಳಗಿನದನ್ನು ಹಾಗೇ ಬಿಡು. ನನ್ನ 'ಜಲಮಾಲಿನ್ಯ' ಪ್ರಾಜೆಕ್ಟಿನ ಏಳನೇ ಪುಟದಲ್ಲಿ ಬೇರೆ ಹುಡುಗನ ರೋಲ್ ನಂಬರ್ ಇತ್ತು, ಮಿಸ್ ಅದರ ಮೇಲೆಯೇ ಟಿಕ್ ಹಾಕಿದರು. ಹತ್ತೊಂಬತ್ತು ಬಂತು. ಈ ಹತ್ತೊಂಬತ್ತನ್ನು ಮನೆಯಲ್ಲಿ ಚೆನ್ನಾಗಿ ಬಳಸಿಕೊ. 'ಇಪ್ಪತ್ತಕ್ಕೆ ಹತ್ತೊಂಬತ್ತು' ಅಂದರೆ ಸಾಕು, ಉಳಿದ ಎಂಬತ್ತರ ಮಾತು ಮಾರ್ಚ್ ತನಕ ಯಾರೂ ಎತ್ತುವುದಿಲ್ಲ.

ಕನ್ನಡವನ್ನು ಓದಲೇಬೇಡ. ನಮ್ಮ ಭಾಷೆಯಲ್ಲವೇ? ಸಂದರ್ಭ ಸಹಿತ ಸ್ವಾರಸ್ಯಕ್ಕೆ ಒಂದೇ ವಾಕ್ಯ ಕಲಿ: 'ಕವಿಯು ಈ ಮಾತನ್ನು ಬಹಳ ಸ್ವಾರಸ್ಯಪೂರ್ಣವಾಗಿ ಹೇಳಿದ್ದಾರೆ.' ಇದು ಶಬರಿಗೂ ಹೊಂದುತ್ತದೆ, ಹಲಗಲಿ ಬೇಡರಿಗೂ ಹೊಂದುತ್ತದೆ. ಗದ್ಯವಾದರೆ 'ಕವಿ' ತೆಗೆದು 'ಲೇಖಕ' ಹಾಕು. ಕವಿ ಪರಿಚಯಕ್ಕೂ ಹಾಗೇ, ಯಾರು ಬಂದರೂ ಒಂದು ಜಿಲ್ಲೆಯಲ್ಲಿ ಹುಟ್ಟಿಸಿ, ಕೊನೆಗೊಂದು ಅಕಾಡೆಮಿ ಪ್ರಶಸ್ತಿ ಕೊಡು. ದುರ್ಗಸಿಂಹನಿಗೆ ಮಾತ್ರ ಕೊಡಬೇಡ. ನಾನು ಕೊಟ್ಟಿದ್ದೆ. ಆತ ಹನ್ನೊಂದನೇ ಶತಮಾನದವನಂತೆ.

ಗಣಿತಕ್ಕೆ ಬರೋಣ. ಪರೀಕ್ಷೆ-3ರ ಬಾಗಿಲು ತೆರೆಯುವುದು ಬಹಳ ಮಟ್ಟಿಗೆ ಇಲ್ಲಿಂದಲೇ, ಆದ್ದರಿಂದ ನಿಧಾನವಾಗಿ ಕೇಳು.

ಪ್ರಮೇಯವನ್ನು ಬಾಯಿಪಾಠ ಮಾಡು. ಥೇಲ್ಸನ ಪ್ರಮೇಯವನ್ನು ನಾನು ಹನುಮಾನ್ ಚಾಲೀಸದ ಧಾಟಿಯಲ್ಲಿ ಕಲಿತಿದ್ದೆ. 'ಎಬಿಸಿ ತ್ರಿಭುಜದಲ್ಲಿ ಡಿಇ ಸಮಾಂತರ ಬಿಸಿ' ಎಂದು ಶುರುಮಾಡಿದರೆ ನಡುವೆ ಉಸಿರು ತೆಗೆದುಕೊಳ್ಳದೆ 'ಸಾಧಿಸಿದೆ' ತನಕ ಹೋಗಿ ನಿಲ್ಲುತ್ತಿದ್ದೆ. ಯಾರಾದರೂ ನಡುವೆ ಕೆಮ್ಮಿದರೆ ಮತ್ತೆ ಮೊದಲಿನಿಂದ. ಚಿತ್ರ ಬಿಡಿಸುವಾಗ ಎ ಮೇಲೆ, ಬಿ ಎಡಕ್ಕೆ, ಸಿ ಬಲಕ್ಕೆ. ಆ ಗೆರೆ ಯಾಕೆ ಎಳೆದೆ, ಆ ಎರಡು ಚಿಕ್ಕ ತ್ರಿಭುಜಗಳ ವಿಸ್ತೀರ್ಣ ಯಾಕೆ ಸಮ, ಇದನ್ನೆಲ್ಲ ಕೇಳಿಕೊಳ್ಳಬೇಡ, ಧಾಟಿ ತಪ್ಪುತ್ತದೆ. ಆಮೇಲೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪ್ರಶ್ನೆ ತೆಗೆಯುವವರು ತ್ರಿಭುಜಕ್ಕೆ ಪಿಕ್ಯೂಆರ್ ಅಂತ ಹೆಸರಿಡುತ್ತಾರೆ. ಆಗ 'ಇದು ಸಿಲೆಬಸ್‌ನಲ್ಲಿಲ್ಲ' ಎಂದು ಬೆಂಚಿನ ಪಕ್ಕದವನಿಗೆ ಪಿಸುಗುಟ್ಟು. ಅವನೂ ಎಬಿಸಿ ಕಲಿತವನಾದರೆ ಒಪ್ಪುತ್ತಾನೆ.

ಲೆಕ್ಕವನ್ನು ಕೈಯಲ್ಲಿ ಮಾಡಬೇಡ, ಕಣ್ಣಲ್ಲಿ ಮಾಡು. ಗೈಡ್ ತೆರೆದು ಬಿಡಿಸಿದ ಲೆಕ್ಕವನ್ನು ಕಥೆ ಓದುವ ಹಾಗೆ ಮೇಲಿನಿಂದ ಕೆಳಕ್ಕೆ ಓದು. ಪ್ರತಿ ಸಾಲಿಗೂ 'ಹೌದಲ್ಲ' ಅನ್ನಿಸುತ್ತದೆ. ಹೌದಲ್ಲ ಅನ್ನಿಸಿದ್ದೆಲ್ಲ ಬರುತ್ತದೆ ಎಂದೇ ತಿಳಿ. ಗೈಡ್ ಮುಚ್ಚಿ ಒಂದು ಲೆಕ್ಕ ಬಿಡಿಸಿ ನೋಡುವ ದುರಾಸೆ ಬಂದರೆ ಎದ್ದು ಹೋಗಿ ನೀರು ಕುಡಿ.

ಜನವರಿ ಬಂತೆಂದರೆ ಪಾಸಿಂಗ್ ಪ್ಯಾಕೇಜ್ ಬರುತ್ತದೆ. ಶಾಲೆಯವರು ಕೊಡುವ ನಾಲ್ಕು ಹಾಳೆಯದು ಬೇಡ, ಅದರಲ್ಲಿ ಅಭ್ಯಾಸ ಮಾಡಿ ಎಂದು ಬರೆದಿರುತ್ತದೆ. ಯೂಟ್ಯೂಬಿನಲ್ಲಿ 'ಇಷ್ಟು ಓದಿದ್ರೆ ಪಾಸ್ ಪಕ್ಕಾ' ಎಂಬುದನ್ನು ಹುಡುಕು. ಒಬ್ಬೊಬ್ಬರ 'ಇಷ್ಟು' ಒಂದೊಂದು ಥರ ಇರುತ್ತದೆ, ಎಲ್ಲರದ್ದೂ ನೋಡು. ಒಂಬತ್ತು ವಿಡಿಯೊ ನೋಡುವಷ್ಟರಲ್ಲಿ ಒಂದು ಅಧ್ಯಾಯ ಓದಿ ಮುಗಿಸಬಹುದಿತ್ತು ಎಂದು ಅಕ್ಕ ಹೇಳುತ್ತಾಳೆ. ಅಕ್ಕಂದಿರು ಹೇಳುತ್ತಾರೆ.

ಬೆಳಗ್ಗೆ ಐದಕ್ಕೆ ಶಾಲೆಯಿಂದ ಫೋನ್ ಬರುತ್ತದೆ. ಎದ್ದಿದ್ದೀಯೇನೋ ಎಂದು ವಿಚಾರಿಸಲು ಮೇಷ್ಟ್ರೇ ಮಾಡುತ್ತಾರೆ, ಪಾಪ, ಅವರ ನಿದ್ದೆಯೂ ಹಾಳು. ಇದನ್ನು ನಿಭಾಯಿಸಲು ಅಭ್ಯಾಸ ಬೇಕು. ಮೊದಲ ರಿಂಗಿಗೆ ಎತ್ತಬೇಡ, ಕಾಯುತ್ತಿದ್ದೆ ಅಂತ ತಿಳಿಯುತ್ತದೆ. ಮೂರನೇ ರಿಂಗಿಗೆ ಎತ್ತು. ಎತ್ತುವ ಮುಂಚೆ ಕಂಬಳಿಯೊಳಗೇ ಎರಡು ಸಲ ಗಂಟಲು ಸರಿಮಾಡಿಕೊ. 'ಸಮಾಜ ಓದ್ತಿದೀನಿ ಸಾರ್' ಅನ್ನು. ಗಣಿತ ಅನ್ನಬೇಡ, ಯಾವ ಅಭ್ಯಾಸ ಎಂದು ಕೇಳಿಬಿಡುತ್ತಾರೆ. ದಿಂಬಿನ ಪಕ್ಕ ಒಂದು ಪುಸ್ತಕ ಇಟ್ಟುಕೊಂಡು ಪುಟ ತಿರುಗಿಸಿದ ಸದ್ದು ಕೇಳಿಸು. ಫೋನ್ ಇಟ್ಟ ಮೇಲೆ ಬರುವ ನಿದ್ದೆಯಂಥ ನಿದ್ದೆ ಇನ್ನೊಂದಿಲ್ಲ.

ಪರೀಕ್ಷೆಯ ದಿನಗಳನ್ನು ಸರಿಯಾಗಿ ಹೊಂದಿಸಿಕೊ. ಈ ಸಲ ಮಂಡಳಿಯವರೂ ಐಪಿಎಲ್‌ನವರೂ ಮಾತಾಡಿಕೊಂಡ ಹಾಗಿತ್ತು. ಮಾರ್ಚ್ 21, ಶುಕ್ರವಾರ ಕನ್ನಡ. ಸೋಮವಾರ ಗಣಿತ. ನಡುವೆ 22ರ ಶನಿವಾರ ಕರ್ನಾಟಕ ಬಂದ್, ಸಂಜೆಗೆ ಕೋಲ್ಕತ್ತದಲ್ಲಿ ಆರ್‌ಸಿಬಿಯ ಮೊದಲ ಮ್ಯಾಚ್. ಬಂದ್ ದಿನ ಓದುವುದು ನಾಡು-ನುಡಿಗೆ ಮಾಡುವ ದ್ರೋಹ, ಮ್ಯಾಚ್ ದಿನ ಓದುವುದು ಕೊಹ್ಲಿಗೆ. ಏಳು ವಿಕೆಟ್‌ನಿಂದ ಗೆದ್ದೆವು. ಭಾನುವಾರ ಆ ಖುಷಿಗೆ ಹೋಯಿತು. 28ರ ರಾತ್ರಿ ಚೆಪಾಕ್‌ನಲ್ಲಿ ಚೆನ್ನೈಯನ್ನು 50 ರನ್‌ನಿಂದ ಸೋಲಿಸಿದೆವು, 2008ರ ನಂತರ ಅಲ್ಲಿ ಗೆದ್ದದ್ದು ಅದೇ ಮೊದಲು. ಮರುದಿನದ ಸಮಾಜ ವಿಜ್ಞಾನದಲ್ಲಿ ಈ ಇಸವಿಯನ್ನು ಯಾರೂ ಕೇಳಲಿಲ್ಲ. ಕೇಳಿದ ಇಸವಿ ಒಂದೂ ನೆನಪಿರಲಿಲ್ಲ.

ಹಾಲ್ ಟಿಕೆಟ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಕೊನೇ ಬಸ್ಸಿಗೆ ಹೋಗು, ಓಡುತ್ತ ಒಳಗೆ ಹೋದರೆ ಓದಿದವನಂತೆ ಕಾಣುತ್ತೀಯ. ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ ಮೊದಲ ಹದಿನೈದು ನಿಮಿಷ ಕೊಡುತ್ತಾರೆ. ಅದನ್ನು ಓದಿ ಹಾಳುಮಾಡಿಕೊಳ್ಳಬೇಡ. ಫ್ಯಾನಿಗೆ ಎಷ್ಟು ರೆಕ್ಕೆ, ಕಿಟಕಿಗೆ ಎಷ್ಟು ಸರಳು, ಮುಂದಿನ ಬೆಂಚಿನವಳು ಏನನ್ನು ನೋಡಿ ನಗುತ್ತಿದ್ದಾಳೆ, ಇವನ್ನು ಗಮನಿಸು. ಹದಿನಾರನೇ ನಿಮಿಷಕ್ಕೆ ಪ್ರಶ್ನೆಯನ್ನೇ ಉತ್ತರಪತ್ರಿಕೆಗೆ ಇಳಿಸಲು ಶುರುಮಾಡು. 'ಎಂದರೇನು?' ಎಂಬುದನ್ನು 'ಎನ್ನುತ್ತಾರೆ' ಮಾಡಿದರೆ ಉತ್ತರದ ಅರ್ಧ ಆಯಿತು. ನಡುನಡುವೆ 'ಸಾರ್, ಅಡಿಷನಲ್' ಎಂದು ಕೈ ಎತ್ತು. ಕ್ಲಾಸಿನಲ್ಲಿ ಎತ್ತದ ಕೈ ಇಲ್ಲಿ ಎತ್ತಿದರೆ ಏನೂ ತೊಂದರೆಯಿಲ್ಲ. ನಾಲ್ಕು ಹಾಳೆ ಪಡೆದು ದಾರ ಬಿಗಿದು ಕಟ್ಟು. ಸುತ್ತಲಿನ ಪುಸ್ತಕದ ಹುಳುಗಳ ಮುಖ ಬಾಡುತ್ತದೆ.

ಚೀಟಿ ತರಬೇಡ. ನೀತಿಯ ಮಾತಲ್ಲ ಇದು. 2024ರಿಂದ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡುತ್ತಾರೆ, ನೀನು ತೊಡೆಯ ಮೇಲೆ ಇಟ್ಟದ್ದನ್ನು ಜಿಲ್ಲಾ ಕೇಂದ್ರದಲ್ಲಿ ಕೂತವರು ನೋಡುತ್ತಾರೆ. ಚೀಟಿ ಬರೆಯುವುದರಲ್ಲಿ ಇನ್ನೊಂದು ಮೋಸವೂ ಇದೆ. ಅಷ್ಟು ಚಿಕ್ಕ ಅಕ್ಷರದಲ್ಲಿ, ಯಾವುದು ಮುಖ್ಯ ಎಂದು ಆರಿಸಿ, ಸಂಕ್ಷೇಪಿಸಿ ಬರೆಯುವಷ್ಟರಲ್ಲಿ ಅದು ತಲೆಯಲ್ಲಿ ಕೂತುಬಿಡುತ್ತದೆ. ನಮ್ಮ ಕ್ಲಾಸಿನ ಒಬ್ಬ ಚೀಟಿ ಬರೆದಿಟ್ಟು, ಕ್ಯಾಮೆರಾ ನೋಡಿ ಹೆದರಿ ತೆಗೆಯದೆ, ಅರವತ್ತೆರಡು ತೆಗೆದ. ಅವನನ್ನು ನಮ್ಮ ಬಳಗದಿಂದ ಬಿಟ್ಟೆವು. ದುರ್ಗಸಿಂಹನ 'ವೃಕ್ಷಸಾಕ್ಷಿ' ಪಾಠದಲ್ಲಿ ದುಷ್ಟಬುದ್ಧಿ ತನ್ನ ಅಪ್ಪನನ್ನು ಮರದ ಪೊಟರೆಯಲ್ಲಿ ಬಚ್ಚಿಟ್ಟು ಸಾಕ್ಷಿ ಹೇಳಿಸುತ್ತಾನಲ್ಲ, ಧರ್ಮಬುದ್ಧಿ ಹೊಗೆ ಹಾಕಿದಾಗ ಅಪ್ಪನೇ ಬಲಿಯಾದ. ಬಚ್ಚಿಡುವ ಕೆಲಸದಲ್ಲಿ ಅಪ್ಪಂದಿರಿಗೇ ಪೆಟ್ಟು. ನಾನು ಓದಿದ ಒಂದೇ ಪಾಠ ಅದು, ಪರೀಕ್ಷೆಗೆ ಅದರ ಕಥೆ ಬರಲಿಲ್ಲ.

ಹೊರಗೆ ಬಂದ ಮೇಲೆ ಎಲ್ಲರೂ ಕೇಳುತ್ತಾರೆ. 'ಹೆಂಗ್ ಮಾಡ್ದೆ?' 'ಪರ್ವಾಗಿಲ್ಲ.' ಇದಕ್ಕಿಂತ ಒಂದಕ್ಷರ ಹೆಚ್ಚು ಹೇಳಬೇಡ. 'ಪರ್ವಾಗಿಲ್ಲ' ಎಂಬ ಮಾತಿಗೆ ತೊಂಬತ್ತೂ ಅರ್ಥ, ಒಂಬತ್ತೂ ಅರ್ಥ. ಫಲಿತಾಂಶದ ತನಕ ಅದರ ಮೇಲೆ ಬದುಕಬಹುದು, ನಾನು ಬದುಕಿದೆ. ಆ ದಿನಗಳಲ್ಲಿ ಅಮ್ಮ ದಿನಾ ಮಧ್ಯಾಹ್ನ ನನಗೆ ತುಪ್ಪ ಹಾಕುತ್ತಿದ್ದಳು.

ಫಲಿತಾಂಶ ಬಂದ ದಿನ ಮಾಡಬೇಕಾದ್ದು ಒಂದೇ: ಕಾರಣವನ್ನು ಮುಂಚೆಯೇ ಸಿದ್ಧವಾಗಿಟ್ಟುಕೊ. ಅಂಕಿ-ಅಂಶ ಇದ್ದರೆ ತೂಕ ಬರುತ್ತದೆ. 2023ರಲ್ಲಿ ಪಾಸಾದವರು ಶೇ 83.89. 2024ರಲ್ಲಿ ಕ್ಯಾಮೆರಾ ಬಂತು, ಶೇ 20 ಕೃಪಾಂಕ ಕೊಟ್ಟರೂ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಕೃಪಾಂಕವನ್ನೂ ತೆಗೆದರು, 62.34. ಇದನ್ನು ಅಪ್ಪನಿಗೆ ಬೆರಳು ಮಡಚಿ ವಿವರಿಸು. 'ನೋಡಪ್ಪ, ರಾಜ್ಯವೇ ಇಳೀತಿದೆ, ಅದರಲ್ಲಿ ನಾನು' ಅನ್ನು. ಅಪ್ಪ 'ನಿಂಗೆಷ್ಟು?' ಅಂತಾನೆ. 'ಇಂಟರ್ನಲ್ ಹದಿನೆಂಟು' ಅನ್ನು. 'ಪೇಪರಲ್ಲಿ?' ಅಂತಾನೆ. ಆಗ ನೀರು ಕುಡಿಯಲು ಎದ್ದು ಹೋಗು. ನನಗೆ ಎಂಬತ್ತಕ್ಕೆ ಹನ್ನೊಂದು. ಪರೀಕ್ಷೆ-2ರಲ್ಲಿ ಹದಿನೈದು. ಏರುಮುಖದಲ್ಲಿದ್ದೇನೆ. ಆರ್‌ಸಿಬಿಗೆ ಕಪ್ ಬರಲು ಹದಿನೆಂಟು ಸೀಸನ್ ಹಿಡಿಯಿತು, ಜನ ಬಿಟ್ಟುಕೊಡಲಿಲ್ಲ. ಗಣಿತಕ್ಕೆ ಮೂರು ಪರೀಕ್ಷೆ ಹಿಡಿದರೆ ಮನೆಯವರು ಮುಖ ಸಣ್ಣದು ಮಾಡುತ್ತಾರೆ.

ಇಲ್ಲಿಗೆ ಓದಿನ ಭಾಗ ಆಯಿತು. ಮುಂದೆ ಏನು ಮಾಡಬೇಕೆಂಬ ಭಾಗ ಇದಕ್ಕಿಂತ ಸುಲಭ, ಏಕೆಂದರೆ ಅದರಲ್ಲಿ ನಿನಗೆ ಕೆಲಸವೇ ಇಲ್ಲ.

ನೀನು ಸುಮ್ಮನೆ ಚಾಪೆಯ ಮೂಲೆಯಲ್ಲಿ ಕೂರು. ಚಿಕ್ಕಪ್ಪ ಬರುತ್ತಾನೆ. 'ಪಿಸಿಎಂಬಿ ಕೊಡ್ಸಿ ಅಣ್ಣ, ಸಿಇಟಿನೂ ಬರೀಬಹುದು, ನೀಟೂ ಬರೀಬಹುದು, ಎರಡೂ ದಾರಿ ತೆಗ್ದಿರುತ್ತೆ' ಅಂತಾನೆ. ಪಕ್ಕದ ಮನೆ ಅಂಕಲ್ 'ಬಿ ಬೇಡ, ಸಿ ಹಾಕ್ಸಿ, ಎಲ್ಲಾ ಕಂಪ್ಯೂಟರೇ ಈಗ' ಅಂತಾರೆ. ಕೊಬ್ಬರಿ ಮಂಡಿಯಲ್ಲಿ ಸಿಕ್ಕ ಒಬ್ಬರು ಕಾಮರ್ಸ್ ಎಂದು ಅಪ್ಪನ ಕಿವಿಯಲ್ಲಿ ಹಾಕಿ ಕಳಿಸಿರುತ್ತಾರೆ. ಆರ್ಟ್ಸ್ ಅಂದವರು ನಮ್ಮ ಮನೆಯಲ್ಲಿ ಅಜ್ಜಿ ಒಬ್ಬಳೇ, ಅದೂ ಅವಳಿಗೆ ಅದು ಬಣ್ಣ ಹಚ್ಚುವ ಕ್ಲಾಸು ಅನ್ನಿಸಿದ್ದರಿಂದ. ಈ ಮಾತೆಲ್ಲ ನಡೆದದ್ದು ಮಾರ್ಚಿನಲ್ಲಿ, ನಾನು ಪಾಸಾಗುತ್ತೇನೋ ಇಲ್ಲವೋ ಗೊತ್ತಾಗುವ ಮುಂಚೆ. ಪಿಸಿಎಂಬಿ ಎಂದು ತೀರ್ಮಾನವಾಗಿ ಎಲ್ಲರಿಗೂ ಕಾಫಿ ಆಯಿತು. 'ನಿಂಗೇನು ಇಷ್ಟನೋ?' ಎಂದು ಕೊನೆಗೆ ಯಾರೋ ಕೇಳಿದರು. ಈ ಪ್ರಶ್ನೆಗೆ ಮಾದರಿ ಉತ್ತರ: 'ನೀವ್ ಹೇಳ್ದಂಗೆ.' ಪೂರ್ತಿ ಅಂಕ.

ನಿಜವಾಗಿ ಏನಾದರೂ ಇಷ್ಟವಿದ್ದರೆ ಅದನ್ನು ಮನೆಗೆ ತರಬೇಡ. ನನಗೆ ಬಸ್‌ಸ್ಟ್ಯಾಂಡ್ ಹಿಂದಿನ ಮೋಟಾರ್ ರಿವೈಂಡಿಂಗ್ ಅಂಗಡಿ ಇಷ್ಟ. ವೋಲ್ಟೇಜ್ ಏರಿಳಿದು ಸುಟ್ಟ ಮೋಟಾರುಗಳು ಬೇಸಿಗೆಯಲ್ಲಿ ಬಾಗಿಲ ತನಕ ಸಾಲುಗಟ್ಟಿರುತ್ತವೆ. ಟ್ಯೂಷನ್ ಹೊತ್ತಿನಲ್ಲಿ ನಾನು ಅಲ್ಲಿರುತ್ತಿದ್ದೆ. ಕರಕಲಾದ ತಂತಿ ಕಿತ್ತು, ಸ್ಲಾಟ್‌ಗಳನ್ನು ಕೆರೆದು, ಒಳಗೆ ಪೇಪರ್ ಹಾಕಿ, ಹೊಸ ತಾಮ್ರದ ತಂತಿ ಸುತ್ತಿ ಕೂರಿಸಬೇಕು. ಮೂವತ್ತಾರು ಸ್ಲಾಟು, ಮೂರು ಫೇಸು, ನಾಲ್ಕು ಪೋಲು. ಒಂದು ಫೇಸಿಗೆ ಹನ್ನೆರಡು ಸ್ಲಾಟ್ ಬಂತು, ಒಂದು ಪೋಲಿಗೆ ಅದರಲ್ಲಿ ಮೂರು. ಮೊದಲ ಗುಂಪು ಒಂದನೇ ಸ್ಲಾಟಿನಿಂದ ಶುರುವಾದರೆ ಮುಂದಿನದು ಹತ್ತು, ಆಮೇಲೆ ಹತ್ತೊಂಬತ್ತು, ಆಮೇಲೆ ಇಪ್ಪತ್ತೆಂಟು. ಅಂಗಡಿ ಅಣ್ಣ ಬೀಡಿ ಕಚ್ಚಿಕೊಂಡೇ 'ಮುಂದಿನ್ದು?' ಅಂದರೆ ನಾನು ಬೆರಳಿಟ್ಟು ತೋರಿಸುತ್ತಿದ್ದೆ, ತಪ್ಪಿದ್ದಿಲ್ಲ. ವಾರ್ನಿಷ್ ಒಣಗಿ, ಸ್ವಿಚ್ ಹಾಕಿದಾಗ ಸದ್ದಿಲ್ಲದೆ ತಿರುಗಿತೆಂದರೆ ಅಣ್ಣ ಇಪ್ಪತ್ತು ರೂಪಾಯಿ ಕೊಡುತ್ತಿದ್ದ.

ಪರೀಕ್ಷೆಯಲ್ಲಿ ಸಮಾಂತರ ಶ್ರೇಢಿ ಬಂತು. ಮೊದಲ ಪದ ಇಷ್ಟು, ಸಾಮಾನ್ಯ ವ್ಯತ್ಯಾಸ ಇಷ್ಟು, ಇಂತಿಷ್ಟನೇ ಪದ ಕಂಡುಹಿಡಿ. ಸೂತ್ರ ನೆನಪಾಗಲಿಲ್ಲ, ಬಿಟ್ಟು ಬಂದೆ. ಬಸ್ಸಿನಲ್ಲಿ ಕೂತು ಊರಿನ ಅರ್ಧ ದಾರಿಗೆ ಬಂದಾಗ ಒಂದು, ಹತ್ತು, ಹತ್ತೊಂಬತ್ತು, ಇಪ್ಪತ್ತೆಂಟು ಎಂದು ತಲೆಯಲ್ಲಿ ತಾನಾಗಿ ಓಡಿತು. ಇಂಥದ್ದು ನಿನಗಾಗಬಾರದು. ಆದ್ದರಿಂದ ಅಂಗಡಿಯ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ಗಂಟು ಹಾಕಬೇಡ. ಬೇರೆ ಬೇರೆ ಜೇಬಿನಲ್ಲಿಡು. ಸಾರ್‌ಗೆ ಅಂಗಡಿಯ ವಿಷಯ ಹೇಳಬೇಡ, ಅಂಗಡಿ ಅಣ್ಣನಿಗೆ ಶ್ರೇಢಿಯ ವಿಷಯ ಹೇಳಬೇಡ. ಅವರಿಬ್ಬರೂ ಮಾತಾಡಿಕೊಂಡರೆ ನೀನು ಪಾಸಾಗಿಬಿಡುತ್ತೀಯ.

ಐಟಿಐ ಎಂಬ ಮಾತನ್ನು ಊಟದ ಹೊತ್ತಿನಲ್ಲಿ ಎತ್ತಬೇಡ. ನಾನು ಎತ್ತಿದೆ. ಚಿಕ್ಕಪ್ಪ ತುತ್ತು ಕೆಳಗಿಟ್ಟು ಅಪ್ಪನ ಮುಖ ನೋಡಿದ. ಅಪ್ಪ ತಟ್ಟೆ ನೋಡಿದ. ಅಮ್ಮ ಎಲ್ಲರಿಗೂ ಮತ್ತೊಂದು ಸಲ ಸಾರು ಬಡಿಸಿದಳು. ಅಲ್ಲಿಗೆ ಮುಗಿಯಿತು. ಆಮೇಲೆ ಅಂಗಡಿ ಅಣ್ಣ ಹೇಳಿದ, ಐಟಿಐ ಎಲೆಕ್ಟ್ರಿಷಿಯನ್ ಸೀಟಿಗೂ ಹತ್ತನೇ ಕ್ಲಾಸ್ ಪಾಸಾಗಿರಬೇಕಂತೆ. ಅಂದರೆ ಗಣಿತ. ಅವನಿಗೆ ಅದು ಗೊತ್ತು, ಅವನೂ ಗಣಿತದಲ್ಲೇ ಹೋದವನು. ಅವನ ಕಾಲದಲ್ಲಿ ಪರೀಕ್ಷೆ-3 ಇರಲಿಲ್ಲ.

ಹೇಳಬೇಕಾದ್ದೆಲ್ಲ ಹೇಳಿದ್ದೇನೆ. ಇದನ್ನೆಲ್ಲ ಒಂದೂ ಬಿಡದೆ ಪಾಲಿಸು, ಮುಂದಿನ ವರ್ಷ ಇದೇ ಹೊತ್ತಿಗೆ ನನ್ನ ಜಾಗದಲ್ಲಿ ಕೂತಿರುತ್ತೀಯ. ಈಗ ಒಂದು ಉಪಕಾರ ಮಾಡು. ಹೋದ ವಾರ ನಿನಗೆ ಕೊಟ್ಟೆನಲ್ಲ, ಆ ಜಾಮಿಟ್ರಿ ಬಾಕ್ಸ್ ವಾಪಸ್ ಕೊಡು. ಕೈವಾರದ ಸ್ಕ್ರೂ ಸಡಿಲವಾಗಿದೆ, ಅಂಗಡಿಯಲ್ಲಿ ಬಿಗಿ ಮಾಡಿಸಬೇಕು. ಪರೀಕ್ಷೆಗೆ ಹನ್ನೊಂದು ದಿನ ಇದೆ.